ನೂರು ಪರ್ಸೆಂಟ್ ಅಂದ್ರೆ ಎಷ್ಟು?

1923ರಿಂದ ಕುಲುಮೆ ಕಂಡ ಊರು ಭದ್ರಾವತಿ. ಇಲ್ಲಿನ ನ್ಯೂ ಟೌನ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಗೇಮ್ ಆಡೋಕೆ ಕೂತವರಿಗೆ ಗೊತ್ತು, ಗ್ರಾಫಿಕ್ಸ್ ಕಾರ್ಡ್ ಉಗುಳೋ ಬಿಸಿ ರೂಮಲ್ಲೇ ಸುತ್ತುತ್ತೆ. ಆದ್ರೂ ಆಫ್ಟರ್‌ಬರ್ನರ್ ತೆಗೆದು ವೋಲ್ಟೇಜ್ ಸ್ಲೈಡರನ್ನ ನೂರಕ್ಕೆ ಎಳೀತೀವಿ.

ನನ್ನ ತಕರಾರು ಆ ‘ನೂರು’ ಬಗ್ಗೆ. 2016ರ ಜಿಟಿಎಕ್ಸ್ 1080 ತಗೊಳ್ಳಿ. ಸ್ಲೈಡರ್ ತೋರಿಸೋದು ಪರ್ಸೆಂಟ್. ನಿಜವಾಗಿ ಏರೋದು ವೋಲ್ಟೇಜಿನ ಗರಿಷ್ಠ ಮಿತಿ, ಅದೂ ಸುಮಾರು 1.06ರಿಂದ 1.09 ವೋಲ್ಟ್‌ಗೆ. ಅಂದ್ರೆ ಬರೀ 3 ಪರ್ಸೆಂಟ್! ಎನ್‌ವಿಡಿಯಾ ಹಾಕಿದ ಬೀಗ ಅದು. ಚಿಪ್ ಹಾಳಾಗದಿರಲಿ ಅನ್ನೋ ಕಾಳಜಿ ಒಪ್ಪೋಣ. ಆದ್ರೆ ದಪ್ಪ ಹೀಟ್‌ಸಿಂಕ್, ಹೆಚ್ಚು ಪವರ್ ಫೇಸ್ ಅಂತ ಓವರ್‌ಕ್ಲಾಕಿಂಗ್ ಆಸೆ ತೋರಿಸಿ ದುಬಾರಿ ಮಾಡೆಲ್ ಮಾರುವಾಗ, ಬೀಗದ ವಿಷಯವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಬೇಕಲ್ವಾ?

ಕ್ಲಾಕ್ ಅಷ್ಟೇ ಇದ್ದರೂ ಚಿಪ್ಪಿನ ವಿದ್ಯುತ್ ಖರ್ಚು ಹೆಚ್ಚುಕಮ್ಮಿ ವೋಲ್ಟೇಜಿನ ವರ್ಗದಂತೆ ಏರುತ್ತೆ. 3 ಪರ್ಸೆಂಟ್ ಏರಿಸಿದ್ರೆ ಕಾವು 6 ಪರ್ಸೆಂಟ್ ಜಾಸ್ತಿ. ಅದೇ 0.95 ವೋಲ್ಟ್‌ಗೆ ಇಳಿಸಿದ್ರೆ ಲೆಕ್ಕದ ಪ್ರಕಾರ 20 ಪರ್ಸೆಂಟ್ ಉಳಿತಾಯ.

ತಮಾಷೆ ಏನಂದ್ರೆ, ಅದೇ ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದ್ರೆ ತೆರೆಯೋ ಕರ್ವ್‌ನಲ್ಲಿ ಮಿಲಿವೋಲ್ಟ್ ಲೆಕ್ಕ ನೇರವಾಗೇ ಇದೆ. ಅಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ, ಒಂದು ಸಂಜೆ ಆಡಿ ನೋಡಿ. ಕ್ರ್ಯಾಶ್ ಆದ್ರೆ ಒಂದು ಮೆಟ್ಟಿಲು ಏರಿಸಿ. ಎಲ್ಲ ಚಿಪ್ಪೂ ಒಂದೇ ಥರ ಇರಲ್ಲ.

ಕಬ್ಬಿಣ ಕರಗಿಸೋಕೆ ಕಾವು ಬೇಕು. ಗೇಮ್ ಆಡೋಕೆ ಅಷ್ಟು ಬೇಡ.