ಕುಣಿಮಗ್ಗದ ಆಸನ

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಬಾಗಿಸಿದ ಪ್ಲೈವುಡ್ ಕುರ್ಚಿಗಳಿಂದ ಹೆಸರಾದವರು. ಭಾರತ ಸರ್ಕಾರ ಕರೆಸಿದಾಗ ದೇಶ ಸುತ್ತಿ 1958ರಲ್ಲಿ ಅವರು ವರದಿ ಕೊಟ್ಟರು. ಅದರಲ್ಲಿ ಮನಸಾರೆ ಹೊಗಳಿದ್ದು ನಮ್ಮ ತಂಬಿಗೆಯನ್ನು. ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಬೆಲೆ ಎಷ್ಟು ಎಂದು ಕೇಳುತ್ತ ಹೋದರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಅದೇ ಪ್ರಶ್ನೆಗಳನ್ನು ನೇಕಾರರ ಊರಾದ ರಬಕವಿ-ಬನಹಟ್ಟಿಯ ಕುಣಿಮಗ್ಗಕ್ಕೂ ಕೇಳಬೇಕು. ವಿನ್ಯಾಸಕಾರನ ಹೆಸರಿಲ್ಲದಿದ್ದರೂ ಅದು ಪೀಠೋಪಕರಣವೂ ಹೌದು, ಯಂತ್ರವೂ ಹೌದು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅಂಚಿಗೆ ಕೂತರೆ ಉದ್ದೆಳೆಗಳ ಹಾಸು ಮಡಿಲ ಮಟ್ಟಕ್ಕೆ ಬರುತ್ತದೆ. ಹಲಗೆ ತುಳಿಯುವ ಕಾಲಿಗೂ ಲಾಳಿ ಎಳೆಯುವ ಕೈಗೂ ಒಂದೇ ಲಯ ಸಿಗುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ಆದರೆ ನೆಲಕ್ಕೆ ಹತ್ತಿರವಿರುವ ಹಾಸಿನ ಎಳೆಗಳಿಗೆ ಮಣ್ಣಿನ ತೇವ ತಾಗಿ, ಅವು ಹರಿಯುವುದು ಕಡಿಮೆ. ಎತ್ತರದ ಚೌಕಟ್ಟೂ ಬೇಕಿಲ್ಲ, ತಗ್ಗು ಸೂರಿನ ಮನೆಯಲ್ಲೂ ಮಗ್ಗ ಹಿಡಿಸುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟನ್ನು ಸಾಧಿಸಿದ ಆಸನ ನನಗೆ ಬೇರೆ ಗೊತ್ತಿಲ್ಲ.

ಆದರೆ ಮೆಚ್ಚುಗೆ ಇಲ್ಲಿಗೇ ನಿಂತರೆ ನೇಕಾರರಿಗೆ ಅನ್ಯಾಯ. ಜಾನ್ ಕೇ 1733ರಲ್ಲಿ ರೂಪಿಸಿದ ಹಾರುಲಾಳಿ ಕೈಯ ವೇಗವನ್ನು ಹೆಚ್ಚಿಸಿತು. ಬೆನ್ನಿಗೆ ಒರಗು ಮಾತ್ರ ಬರಲೇ ಇಲ್ಲ. ಮುಂದಕ್ಕೆ ಬಾಗಿದ ಸೊಂಟ, ಮತ್ತೆ ಮತ್ತೆ ತುಳಿಯುವ ಮೊಣಕಾಲು ವರ್ಷಗಟ್ಟಲೆ ಸವೆಯುತ್ತವೆ. ಇನ್ನೂ ದೊಡ್ಡ ಕೊರತೆ ಮಗ್ಗದ ಹೊರಗಿದೆ. ರಾಟೆಯ ಮುಂದೆ ನೆಲದ ಮೇಲೆ ಕೂತು, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುವವರು ಹೆಚ್ಚಾಗಿ ಮನೆಯ ಹೆಂಗಸರು. ಅವರಿಗೆ ಈ ವಿನ್ಯಾಸದಲ್ಲಿ ಜಾಗವೇ ಇಲ್ಲ, ಎಷ್ಟೋ ಕಡೆ ಕೂಲಿಯ ಲೆಕ್ಕದಲ್ಲೂ ಇಲ್ಲ. ವಿದ್ಯುತ್ ಮಗ್ಗ ಬಂದು ಎಷ್ಟೋ ಕಡೆ ಕುಣಿ ಮುಚ್ಚಿತು, ನೇಕಾರನನ್ನು ಎಬ್ಬಿಸಿ ನಿಲ್ಲಿಸಿತು, ಕಿವಿಗೆ ದಿನವಿಡೀ ಸದ್ದು ತುಂಬಿತು. ದೇಹದ ಅಳತೆಗೆ ಹೊಂದಿದ್ದ ಕುಣಿಮಗ್ಗದ ಜಾಣ್ಮೆಯಲ್ಲಿ ಒಂದಂಶವೂ ಅದರೊಳಗೆ ಉಳಿದಿಲ್ಲ.

ಕೈಮಗ್ಗ ಉಳಿಸಲು ಬರುವ ವಿನ್ಯಾಸಕಾರರು ಸೀರೆಯ ಅಂಚು, ಸೆರಗು, ಬಣ್ಣ ಬದಲಿಸುತ್ತಾರೆ. ಅದು ಮಾರಾಟಕ್ಕೆ ಬೇಕು, ಒಪ್ಪುತ್ತೇನೆ. ಆದರೆ ಪೀಠೋಪಕರಣ ಕಲಿತವರು ಈ ಊರಿನಲ್ಲಿ ಮೊದಲು ಅಳೆಯಬೇಕಾದದ್ದು ಕುಣಿಯ ಆಳ ಮತ್ತು ಕೂತವರ ಮೊಣಕಾಲು. ಆಮೇಲೆ ರೂಪಿಸಬೇಕಾದದ್ದು ಸೊಂಟಕ್ಕೆ ಒರಗು ಕೊಡುವ, ಬೇಕಾದಾಗ ತೆಗೆದಿಡಬಹುದಾದ ಹಲಗೆ. ಕಂಡಿಕೆ ಸುತ್ತುವವಳಿಗೆ ಸರಿಯಾದ ಎತ್ತರದ ಮಣೆ, ಅದಕ್ಕೆ ಹೊಂದುವ ರಾಟೆ. ಎಲ್ಲವೂ ಊರಿನ ಬಡಿಗೇರರೇ ಮಾಡಿ, ಮುರಿದರೆ ಅವರೇ ರಿಪೇರಿ ಮಾಡುವಂಥವಾಗಿರಬೇಕು.