ಗುಲಗಂಜಿ ತೂಕದ ಊರು

ಮೈಸೂರಿನಿಂದ ತಲಕಾಡಿಗೋ ಸೋಮನಾಥಪುರಕ್ಕೋ ಹೊರಟವರಿಗೆ ತಿ. ನರಸೀಪುರ ಎಂದರೆ ಬಸ್ಸು ಬದಲಿಸುವ ಜಾಗ. ಒಂದು ಟೀ, ಒಂದು ಪೊಟ್ಟಣ ಕಡ್ಲೆಕಾಯಿ, ಮುಂದಿನ ಬಸ್ಸು. ನಾನೂ ವರ್ಷಗಟ್ಟಲೆ ಹಾಗೇ ದಾಟಿ ಹೋದವನು. ಒಮ್ಮೆ ತಲಕಾಡಿನ ಬಸ್ಸು ತಪ್ಪಿತು. ಹೊತ್ತು ಕಳೆಯಲೆಂದು ಹೊಳೆ ಕಡೆ ನಡೆದೆ. ಆವತ್ತು ತಲಕಾಡಿಗೆ ಹೋಗಲೇ ಇಲ್ಲ.

ಫ್ರಾನ್ಸಿನಲ್ಲಿ ಸಣ್ಣ ಊರುಗಳ ಚಂದಕ್ಕೆಂದೇ ಒಂದು ಸಂಘವಿದೆ. ಕೆಂಪು ಮರಳುಗಲ್ಲಿನ ಮನೆಗಳ ಕೊಲ್ಲೋಂಜ್-ಲಾ-ರೂಜ್ ಎಂಬ ಹಳ್ಳಿಯ ಮೇಯರ್ 1982ರಲ್ಲಿ ಶುರು ಮಾಡಿದ್ದು. ಜನಸಂಖ್ಯೆ 2,000 ಮೀರಿರಬಾರದು, ರಕ್ಷಿತ ತಾಣಗಳು ಎರಡಾದರೂ ಇರಬೇಕು ಎಂದು ಕಟ್ಟಳೆ. ನಮ್ಮ ನರಸೀಪುರ ತಾಲ್ಲೂಕು ಕೇಂದ್ರ. ತಲೆ ಎಣಿಕೆಯಲ್ಲೇ ನಪಾಸು. ಪೇಟೆಬೀದಿಯ ಚಂದಕ್ಕೂ ಅಂಕ ಸಿಗುವುದು ಅನುಮಾನ. ಇಲ್ಲಿ ನೋಡಬೇಕಾದದ್ದು ಪೇಟೆಗೆ ಬೆನ್ನು ಹಾಕಿದ ಮೇಲೆ.

ನನ್ನನ್ನು ಕೇಳಿದರೆ ಮೈಸೂರಿನಿಂದ ನೇರ ಬರಬೇಡಿ. ನಂಜನಗೂಡಿಗೆ ಹೋಗಿ ಕಪಿಲೆಯ, ಅಂದರೆ ಕಬಿನಿ ಹೊಳೆಯ ಜೊತೆ ಇಳಿಯುತ್ತಾ ಬನ್ನಿ. ಶ್ರೀಕಂಠೇಶ್ವರನ ದರ್ಶನ ಮುಗಿಸಿದವರು ಸಾಮಾನ್ಯವಾಗಿ ಕಾರು ಹತ್ತಿಬಿಡುತ್ತಾರೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಸೇತುವೆಯನ್ನು ನೋಡಲು ನಿಲ್ಲುವವರು ಕಡಿಮೆ. ಎತ್ತಿನ ಗಾಡಿಗೆಂದು ಕಟ್ಟಿದ ಕಮಾನುಗಳ ಮೇಲೆ ಮುಂದೆ ರೈಲೂ ಓಡಿತು, ಬಸ್ಸೂ ಓಡಿತು. ಸೇತುವೆಯ ಮೇಲೆ ನಿಲ್ಲುವುದಕ್ಕಿಂತ ಕೆಳಗಿನ ದಂಡೆಯಿಂದ ನೋಡುವುದೇ ಲೇಸು. ರಸಬಾಳೆ ಕೊಳ್ಳುವಾಗ ಮಾತ್ರ ಜೋಪಾನ. ಪನಾಮಾ ರೋಗ ಬಡಿದು ತೋಟಗಳು ಬರಿದಾದ ಮೇಲೆ ಹೆಸರು ಉಳಿದಷ್ಟು ಹಣ್ಣು ಉಳಿದಿಲ್ಲ.

ಸುತ್ತೂರಿನಲ್ಲಿ ಹೊಳೆದಂಡೆಯ ಮಠ. ಜಾತ್ರೆ ಹೆಚ್ಚಾಗಿ ಜನವರಿಯಲ್ಲಿ, ಮಿಕ್ಕ ದಿನ ಸದ್ದಿಲ್ಲ. ಅಲ್ಲಿಂದ ಮುಂದೆ ಗದ್ದೆಬಯಲು, ತೆಂಗು, ಮತ್ತೆ ಗದ್ದೆ.

ನರಸೀಪುರದಲ್ಲಿ ಕಪಿಲೆಯ ದಂಡೆಗೇ ಗುಂಜಾ ನರಸಿಂಹಸ್ವಾಮಿಯ ಗುಡಿ. ಬೆಳಿಗ್ಗೆ ಹೋಗಿ, ಇಲ್ಲವೇ ಸಂಜೆ. ನಡುಮಧ್ಯಾಹ್ನ ದೇವರಿಗೂ ವಿಶ್ರಾಂತಿ. ಮಂಗಳಾರತಿಯ ಬೆಳಕಿನಲ್ಲಿ ಮೂರ್ತಿಯ ಮುಖ ಬಿಟ್ಟು ಕೈ ನೋಡಿ: ಬೆರಳುಗಳ ನಡುವೆ ಗುಲಗಂಜಿ. ಮೈಯೆಲ್ಲ ಕೆಂಪು, ತುದಿಯಲ್ಲಿ ಕಪ್ಪು ಬೊಟ್ಟಿನ ಆ ಬೀಜವನ್ನು ಅಕ್ಕಸಾಲಿಗರು ಚಿನ್ನ ತೂಗಲು ಇಡುತ್ತಿದ್ದರು. ಕತೆ ಒಬ್ಬ ಅಗಸನದು. ಕಾಶಿಗೆ ಹೋಗಬೇಕೆಂದು ಹಂಬಲಿಸುತ್ತಿದ್ದವನ ಕನಸಿಗೆ ಬಂದ ನರಸಿಂಹ, ಬಟ್ಟೆ ಒಗೆಯುವ ಕಲ್ಲಿನ ಅಡಿಯ ನಿಧಿ ತೆಗೆದು ಗುಡಿ ಕಟ್ಟು ಅಂದನಂತೆ. ಕಾಶಿಯ ಗತಿ? ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ, ಹೋಗಬೇಕಾಗಿಲ್ಲ.

ಹೊಳೆ ದಾಟಿದರೆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು, ಅಗಸ್ತ್ಯೇಶ್ವರನ ಗುಡಿ. ಅಲ್ಲಿಯ ಕತೆಯಲ್ಲೂ ಕಾಶಿ ಬರುತ್ತದೆ. ಲಿಂಗ ತರಲು ಅಗಸ್ತ್ಯರು ಹನುಮಂತನನ್ನು ಕಾಶಿಗೆ ಅಟ್ಟಿದರು. ಅವನು ಬರುವುದು ತಡವಾಗಿ ಮುಹೂರ್ತ ಮೀರುತ್ತಿದ್ದಂತೆ ಹೊಳೆಯ ಮರಳಿನಲ್ಲೇ ಲಿಂಗ ಮಾಡಿ ಪ್ರತಿಷ್ಠಾಪಿಸಿಬಿಟ್ಟರು. ಪ್ರವಾಸದ ಅಂಕಣ ಬರೆಯುವವನಿಗೆ ಇಂಥ ಊರು ಸ್ವಲ್ಪ ಕಷ್ಟವೇ. ಆ ದಂಡೆಯಲ್ಲೊಂದು ಈ ದಂಡೆಯಲ್ಲೊಂದು ಗುಡಿ, ಎರಡೂ ಹೇಳುವುದು ಒಂದೇ: ಎಲ್ಲಿಗೂ ಹೋಗಬೇಡ, ಇಲ್ಲೇ ಕೂತಿರು.

ಹಾಗೆ ಕೂತವರು ಇಂದು ನಿನ್ನೆಯವರಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಇಲ್ಲಿ ಉತ್ಖನನ ಮಾಡಿಸಿದಾಗ ನವಶಿಲಾಯುಗದ ನೆಲೆ ಸಿಕ್ಕಿತು. ಸುಟ್ಟ ಮಣ್ಣಿನ ತಲೆದಿಂಬೂ ಸಿಕ್ಕಿತು. ಈ ಹೊಳೆಯ ಸದ್ದು ಕೇಳುತ್ತಾ ಅದರ ಮೇಲೆ ಯಾರೋ ತಲೆಯಿಟ್ಟು ಮಲಗಿದ್ದಿರಬೇಕು. 1895ರಲ್ಲಿ ತಿರುಮಕೂಡಲಿನಲ್ಲೇ ಹುಟ್ಟಿದವರು ಪಿಟೀಲು ಚೌಡಯ್ಯ. ಮೈಕಿಲ್ಲದ ಸಭೆಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಬಿಗಿದರು.

1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. ಪುಣ್ಯ ಬೇಕಾದವರು ಆಗ ಬರಲಿ. ಹೊಳೆ ಬೇಕಾದವರು ಮುಂಗಾರು ಹಿಡಿದ ಮೇಲೆ ಬನ್ನಿ. ವಯನಾಡಿನಲ್ಲಿ ಮಳೆ ಜೋರಾದರೆ ಕಬಿನಿ ಜಲಾಶಯ ಕೆಆರ್‌ಎಸ್‌ಗಿಂತ ಮೊದಲೇ ತುಂಬುವುದು ರೂಢಿ. ಕಾವೇರಿ ಇನ್ನೂ ತೆಳ್ಳಗಿರುವಾಗಲೇ ಕಪಿಲೆ ಕೆಂಪಾಗಿ ನುಗ್ಗಿ ಬರುತ್ತಾಳೆ. ನಾನು ಕಂಡ ದಿನ ಎರಡು ಬಣ್ಣದ ನೀರು ಒಂದಿಷ್ಟು ದೂರ ಮಗ್ಗುಲಲ್ಲೇ ಹರಿದವು, ನಡುವೆ ನೊರೆಯ ಗೆರೆ. ಆಮೇಲೆ ಕಾವೇರಿಯೇ ಕೆಂಪಾದಳು. ಹೆಸರು ಮಾತ್ರ ಅವಳದೇ ಉಳಿಯಿತು.

ಸೋಪಾನದಲ್ಲಿ ಕೂತು ಇದನ್ನೇ ನೋಡುತ್ತಿದ್ದೆ. ಹರಿಗೋಲು ಮಗುಚಿ ಹಾಕಿ ಬೀಡಿ ಹಚ್ಚಿದ್ದವರೊಬ್ಬರು ನನ್ನ ಹೆಗಲಚೀಲ ನೋಡಿ ಕನಿಕರದಿಂದ ಕೇಳಿದರು: “ತಲಕಾಡ್ಗಾ ಸಾ? ಬಸ್ಸು ಆ ಕಡೆ.”