ಲೊರೆಂಜೋಸ್ ಆಯಿಲ್: ಅಂಕಿ ಇಳಿದರೆ ರೋಗ ಇಳಿದಂತೆಯೆ?

ವಿಜ್ಞಾನ ಸಂಘಗಳಲ್ಲಿ ವಿದ್ಯಾರ್ಥಿಗಳಿಗೆ ತೋರಿಸಬಹುದಾದ ಚಲನಚಿತ್ರಗಳು ಹೆಚ್ಚಿಲ್ಲ. ಇರುವ ಕೆಲವೇ ಚಿತ್ರಗಳಲ್ಲಿ 1992ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ ‘ಲೊರೆಂಜೋಸ್ ಆಯಿಲ್’ ಒಂದು. ಇದರ ನಿರ್ದೇಶಕ ಜಾರ್ಜ್ ಮಿಲ್ಲರ್ ಸ್ವತಃ ವೈದ್ಯಕೀಯ ವ್ಯಾಸಂಗ ಮಾಡಿದವರು. ನೀವು ಈ ಚಿತ್ರವನ್ನು ಈಗಾಗಲೇ ನೋಡಿರಬಹುದು, ತರಗತಿಯಲ್ಲಿ ತೋರಿಸಿಯೂ ಇರಬಹುದು. ತೋರಿಸಬೇಕಾದದ್ದೇ. ಆದರೆ ಚಿತ್ರ ಮುಗಿದೊಡನೆ ಮಕ್ಕಳನ್ನು ಮನೆಗೆ ಕಳುಹಿಸಬಾರದು. ಏಕೆಂದರೆ ವಿಜ್ಞಾನದ ದಾರಿಯನ್ನು ಸೊಗಸಾಗಿ ತೋರಿಸುವ ಈ ಚಿತ್ರ, ಕೊನೆಯ ಹೆಜ್ಜೆಯಲ್ಲಿ ವಿಜ್ಞಾನವನ್ನು ಕೈಬಿಡುತ್ತದೆ.

ಕಥೆ ನಿಜ ಜೀವನದ್ದು. ಅಮೆರಿಕದಲ್ಲಿದ್ದ ಅರ್ಥಶಾಸ್ತ್ರಜ್ಞ ಆಗಸ್ಟೋ ಓಡೋನೆ ಮತ್ತು ಮೈಕೇಲಾ ದಂಪತಿಗಳ ಮಗ ಲೊರೆಂಜೋನಿಗೆ 1984ರಲ್ಲಿ ಅಡ್ರಿನೊಲ್ಯೂಕೋಡಿಸ್ಟ್ರಫಿ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇದೆಯೆಂದು ಗೊತ್ತಾಗುತ್ತದೆ. ವೈದ್ಯರು ಕೈಚೆಲ್ಲುತ್ತಾರೆ. ತಂದೆತಾಯಿ ಗ್ರಂಥಾಲಯಕ್ಕೆ ಹೋಗಿ ಜೀವರಸಾಯನ ವಿಜ್ಞಾನವನ್ನು ತಾವೇ ಕಲಿತು, ಒಂದು ಎಣ್ಣೆಯನ್ನು ರೂಪಿಸುತ್ತಾರೆ.

ಕಾಯಿಲೆಯ ಮೂಲ ಹೀಗಿದೆ. ಮೇದಾಮ್ಲಗಳ ಅಣುಗಳು ಕಾರ್ಬನ್ ಪರಮಾಣುಗಳ ಸರಪಳಿಗಳು. ಅವುಗಳಲ್ಲಿ 26 ಕಾರ್ಬನ್‌ಗಳಂಥ ಅತಿ ಉದ್ದದ ಸರಪಳಿಗಳನ್ನು ತುಂಡರಿಸುವ ಕೆಲಸ ಜೀವಕೋಶದ ಪೆರಾಕ್ಸಿಸೋಮ್ ಎಂಬ ಕಣದೊಳಗೆ ನಡೆಯುತ್ತದೆ. ಸರಪಳಿಯನ್ನು ಒಳಕ್ಕೆ ಸಾಗಿಸುವ ಪ್ರೋಟೀನು ಈ ಮಕ್ಕಳಲ್ಲಿ ದೋಷಪೂರಿತ. ಅದರ ಜೀನ್ ಎಬಿಸಿಡಿ1 ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ತೀವ್ರ ರೂಪ ಕಾಣಿಸುವುದು ಹುಡುಗರಲ್ಲಿ. ಕತ್ತರಿಸಲ್ಪಡದ ಸರಪಳಿಗಳು ರಕ್ತದಲ್ಲಿ, ಅಡ್ರಿನಲ್ ಗ್ರಂಥಿಯಲ್ಲಿ, ನರಮಂಡಲದಲ್ಲಿ ಶೇಖರವಾಗುತ್ತವೆ. ಕೆಲವರಲ್ಲಿ ಮಿದುಳಿನ ನರತಂತುಗಳ ಮಯಲಿನ್ ಹೊದಿಕೆ ಉರಿಯೂತದಿಂದ ನಾಶವಾಗಿ ಮಗು ನೋಟ, ಮಾತು, ನಡಿಗೆಗಳನ್ನು ಕಳೆದುಕೊಳ್ಳುತ್ತದೆ.

ಆಹಾರದಲ್ಲಿ ಇಂಥ ಕೊಬ್ಬನ್ನು ಬಿಟ್ಟರೂ ರಕ್ತದಲ್ಲಿ ಅದರ ಮಟ್ಟ ಇಳಿಯಲಿಲ್ಲ, ಏಕೆಂದರೆ ದೇಹವೇ ಚಿಕ್ಕ ಸರಪಳಿಗಳನ್ನು ಬೆಳೆಸಿ ಉದ್ದ ಮಾಡುತ್ತದೆ. ಚಿತ್ರ ಇದನ್ನು ಎರಡು ನಲ್ಲಿಗಳಿರುವ ತೊಟ್ಟಿಯ ಹೋಲಿಕೆಯಿಂದ ವಿವರಿಸುತ್ತದೆ. ಕಾಗದದ ಕ್ಲಿಪ್ಪುಗಳ ಸರವನ್ನೂ ಬಳಸುತ್ತದೆ. ಯಾವ ಶಿಕ್ಷಕರಾದರೂ ಮೆಚ್ಚುವ ದೃಶ್ಯಗಳಿವು. ಸರಪಳಿ ಬೆಳೆಸುವ ಎಂಜೈಮು ಒಲೀಕ್, ಎರ್ಯೂಸಿಕ್ ಎಂಬ ಬೇರೆ ಆಮ್ಲಗಳ ಮೇಲೂ ಕೆಲಸ ಮಾಡುತ್ತದೆ. ಅವನ್ನು ಧಾರಾಳವಾಗಿ ಕೊಟ್ಟರೆ ಎಂಜೈಮು ಅಲ್ಲೇ ತೊಡಗಿರುತ್ತದೆ, ಅಪಾಯಕಾರಿ ಸರಪಳಿ ತಯಾರಾಗುವುದು ಕಡಿಮೆಯಾಗುತ್ತದೆ. ಈ ಎರಡು ಆಮ್ಲಗಳ ಗ್ಲಿಸರೈಡ್‌ಗಳ 4:1 ಮಿಶ್ರಣವೇ ಲೊರೆಂಜೋನ ಎಣ್ಣೆ. ಎರ್ಯೂಸಿಕ್ ಭಾಗವನ್ನು ಶುದ್ಧೀಕರಿಸಿಕೊಟ್ಟ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಡಾನ್ ಸಡ್ಡಬಿ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಎರ್ಯೂಸಿಕ್ ಆಮ್ಲ ಸಾಸಿವೆ ಎಣ್ಣೆಯಲ್ಲೂ ಹೇರಳವಾಗಿದೆ. ಹಾಗೆಂದು ಅಡುಗೆಯ ಸಾಸಿವೆ ಎಣ್ಣೆ ಈ ಔಷಧವಾಗದು ಎಂಬುದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ.

ಎಣ್ಣೆ ಕೊಟ್ಟ ಹೆಚ್ಚಿನ ರೋಗಿಗಳ ರಕ್ತದಲ್ಲಿ 26 ಕಾರ್ಬನ್ ಆಮ್ಲದ ಮಟ್ಟ ಸುಮಾರು ನಾಲ್ಕೇ ವಾರಗಳಲ್ಲಿ ಸಹಜಕ್ಕೆ ಇಳಿಯಿತು. ಇದು ನಿಜವಾದ ಫಲಿತಾಂಶ. ಚಿತ್ರ ಇದನ್ನೇ ವಿಜಯವೆಂದು ಸಾರುತ್ತದೆ. ನನ್ನ ಆಕ್ಷೇಪ ಆರಂಭವಾಗುವುದು ಇಲ್ಲಿಂದ.

ವಿದ್ಯುತ್ ಟ್ರಾನ್ಸ್‌ಫಾರ್ಮರ್ ಒಂದನ್ನು ಊಹಿಸಿಕೊಳ್ಳಿ. ಒಳಗಿನ ಸುರುಳಿಯಲ್ಲಿ ದೋಷವಿದೆ. ಹೊರಗಿನ ಮಾಪಕ ತೋರಿಸುವುದು ತೊಟ್ಟಿಯಲ್ಲಿನ ಎಣ್ಣೆಯ ಉಷ್ಣತೆಯನ್ನು. ತೊಟ್ಟಿಯ ಮೇಲೆ ನೀರು ಸುರಿದರೆ ಮಾಪಕದ ಮುಳ್ಳು ಇಳಿಯುತ್ತದೆ. ಮುಳ್ಳು ಸುಳ್ಳು ಹೇಳುತ್ತಿಲ್ಲ. ಎಣ್ಣೆ ನಿಜಕ್ಕೂ ತಣ್ಣಗಾಗಿದೆ. ಆದರೆ ಸುರುಳಿಯ ದೋಷ ಹಾಗೆಯೇ ಇದೆ. ಅಳೆದ ಜಾಗವೂ ಕೆಟ್ಟ ಜಾಗವೂ ಒಂದೇ ಅಲ್ಲದಿದ್ದಾಗ ಅಳತೆಯ ಸುಧಾರಣೆಯನ್ನು ಗುಣವೆಂದು ಕರೆಯಲಾಗದು. ಈ ಕಾಯಿಲೆಯಲ್ಲಿ ಅಳತೆ ನಡೆದದ್ದು ರಕ್ತದಲ್ಲಿ, ಹಾನಿ ನಡೆಯುತ್ತಿದ್ದುದು ಮಿದುಳಿನಲ್ಲಿ. ಎರ್ಯೂಸಿಕ್ ಆಮ್ಲ ಮಿದುಳಿಗೆ ಗಣನೀಯವಾಗಿ ಸೇರುವುದಿಲ್ಲವೆಂದು ಮುಂದಿನ ಪರೀಕ್ಷೆಗಳು ತೋರಿಸಿದವು. ಚಿತ್ರ ಬಂದ ಮರುವರ್ಷ, 1993ರಲ್ಲಿ, ಫ್ರಾನ್ಸಿನ ಪ್ಯಾಟ್ರಿಕ್ ಓಬೂರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಎರಡು ವರ್ಷಗಳ ಅಧ್ಯಯನದಲ್ಲಿ, ಮುಖ್ಯವಾಗಿ ಕಾಯಿಲೆಯ ವಯಸ್ಕ ರೂಪವಿದ್ದ ರೋಗಿಗಳಿಗೆ, ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳೂ ಕಡಿಮೆಯಾದವು.

ಎರಡನೆಯ ಆಕ್ಷೇಪ ಕೊನೆಯ ದೃಶ್ಯಕ್ಕೆ ಸಂಬಂಧಿಸಿದ್ದು. ಎಣ್ಣೆ ಸೇವಿಸುತ್ತಿರುವ, ಆರೋಗ್ಯವಾಗಿ ಆಡಿಕೊಂಡಿರುವ ಹುಡುಗರು ಒಬ್ಬೊಬ್ಬರಾಗಿ ತೆರೆಯ ಮೇಲೆ ಬರುತ್ತಾರೆ. ಯಾರ ಕಣ್ಣಾದರೂ ತೇವವಾಗುವ ಗಳಿಗೆ ಅದು. ಆದರೆ ಆ ಗಳಿಗೆಯಲ್ಲೇ ಒಂದು ಪ್ರಶ್ನೆ ಕೇಳಬೇಕು: ಎಣ್ಣೆ ಸೇವಿಸದಿದ್ದರೂ ಇವರಲ್ಲಿ ಎಷ್ಟು ಮಂದಿ ಹೀಗೆಯೇ ಇರುತ್ತಿದ್ದರು? ದೋಷಯುಕ್ತ ಜೀನ್ ಇರುವ ಹುಡುಗರೆಲ್ಲರಿಗೂ ಬಾಲ್ಯದಲ್ಲಿ ಮಿದುಳಿನ ಕಾಯಿಲೆ ಬರುವುದಿಲ್ಲ. ಸುಮಾರು ಮೂರರಲ್ಲೊಂದು ಪಾಲಿಗೆ ಬರುತ್ತದೆ. ಹಾಗಾದರೆ ಏನನ್ನೂ ಕೊಡದ ಗುಂಪಿನಲ್ಲೂ ಹೆಚ್ಚಿನವರು ಬಾಲ್ಯದಲ್ಲಿ ಚೆನ್ನಾಗಿಯೇ ಕಾಣುತ್ತಾರೆ. ಹೋಲಿಕೆಯ ಗುಂಪಿಲ್ಲದೆ ತೋರಿಸಿದ ನಗುಮುಖಗಳು, ಎಷ್ಟೇ ನಿಜವಾಗಿದ್ದರೂ, ಎಣ್ಣೆಯ ಪರವಾಗಿ ಸಾಕ್ಷಿ ಹೇಳಲಾರವು.

ಮೂರನೆಯದು ವೈದ್ಯವಿಜ್ಞಾನಿಯ ಚಿತ್ರಣ. ಪೀಟರ್ ಉಸ್ತಿನೊವ್ ನಟಿಸಿದ ಪ್ರೊಫೆಸರ್ ನಿಕೊಲಾಯಿಸ್ ಪಾತ್ರಕ್ಕೆ ಮಾದರಿ ಹ್ಯೂಗೋ ಮೋಸರ್. ‘ಇನ್ನೂ ಪರೀಕ್ಷಿಸಬೇಕು’ ಎನ್ನುವ ಅವರ ಎಚ್ಚರಿಕೆ ಚಿತ್ರದಲ್ಲಿ ನಿರ್ದಯೆಯಂತೆ ಕಾಣುತ್ತದೆ. ಆದರೆ ಎಣ್ಣೆಯ ಪರವಾಗಿ ಇಂದು ಇರುವ ಮುಖ್ಯ ಪುರಾವೆಯನ್ನು ಒದಗಿಸಿದವರು ಅದೇ ಮೋಸರ್. ಇನ್ನೂ ರೋಗಲಕ್ಷಣವಿಲ್ಲದ 89 ಹುಡುಗರಿಗೆ ಎಣ್ಣೆ ಕೊಟ್ಟು, ಸರಾಸರಿ 6.9 ವರ್ಷ ಗಮನಿಸಿ, 2005ರಲ್ಲಿ ಅವರ ತಂಡ ಫಲಿತಾಂಶ ಪ್ರಕಟಿಸಿತು. ಎಂಆರ್‌ಐನಲ್ಲಿ ದೋಷ ಕಂಡದ್ದು ಶೇಕಡ 24 ಮಂದಿಯಲ್ಲಿ. ಅದರ ಜೊತೆಗೆ ನರದೌರ್ಬಲ್ಯವೂ ಕಾಣಿಸಿದ್ದು ಶೇಕಡ 11ರಲ್ಲಿ. ರಕ್ತದ ಮಟ್ಟ ಚೆನ್ನಾಗಿ ಇಳಿದವರಲ್ಲಿ ಅಪಾಯ ಕಡಿಮೆಯಿತ್ತು. ಭರವಸೆಯ ಸುದ್ದಿಯೇ. ಆದರೆ ಇಲ್ಲೂ ಹೋಲಿಕೆಯ ಗುಂಪು ಇರಲಿಲ್ಲ. ಆದ್ದರಿಂದ ‘ಬಹುಶಃ ಅಪಾಯವನ್ನು ತಗ್ಗಿಸಬಹುದು’ ಎಂಬುದನ್ನು ದಾಟಿ ಹೇಳಲಾಗದು. ಕಾಯಿಲೆ ಮಿದುಳಿನಲ್ಲಿ ಆರಂಭವಾದ ಮೇಲೆ ಎಣ್ಣೆ ಅದನ್ನು ತಡೆಯುವುದಿಲ್ಲ.

ಇದೆಲ್ಲ ಬರಿಯ ತರ್ಕದ ಮಾತೆಂದು ತಿಳಿಯಬೇಡಿ. ಈ ಕಾಯಿಲೆಯಿರುವ ಹೆಚ್ಚಿನ ಹುಡುಗರಲ್ಲಿ ಅಡ್ರಿನಲ್ ಗ್ರಂಥಿ ದುರ್ಬಲವಾಗುತ್ತದೆ. ಅದಕ್ಕೆ ವೈದ್ಯರು ಬರೆದುಕೊಡುವ ಹೈಡ್ರೊಕಾರ್ಟಿಸೋನ್ ಗುಳಿಗೆ ಹಳೆಯದು, ಕಥಾನಾಯಕನಾಗುವಷ್ಟು ರೋಚಕವಲ್ಲ. ಆದರೆ ಪ್ರಾಣ ಉಳಿಸುವಂಥದು. ಮಿದುಳಿನ ರೂಪಕ್ಕೆ ಅಸ್ಥಿಮಜ್ಜೆಯ ಆಕರಕೋಶಗಳ ಕಸಿ ಫಲಿಸುತ್ತದೆ, ಆದರೆ ಆರಂಭದಲ್ಲೇ ಮಾಡಿದರೆ ಮಾತ್ರ. ಭಾರತದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯೂ ಈ ಕಾಯಿಲೆಯನ್ನು ಆರಂಭದ ಹಂತದಲ್ಲಿ ಕಸಿಗೆ ಒಗ್ಗುವ ರೋಗಗಳ ಪಟ್ಟಿಯಲ್ಲಿ ಇರಿಸಿದೆ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಹಲವು ಮಕ್ಕಳ ಮಿದುಳನ್ನು ಕಾಪಾಡಿತು. ಆದರೆ ಅದನ್ನು ಪಡೆದ 67 ಮಕ್ಕಳಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದುದು 2024ರಲ್ಲಿ ವರದಿಯಾಯಿತು. ಇದು ತಿಳಿದದ್ದೂ ಮಕ್ಕಳನ್ನು ವರ್ಷಗಟ್ಟಲೆ ಎಣಿಸಿ, ಗಮನಿಸಿದ್ದರಿಂದಲೇ. ಸಿನಿಮಾ ನೋಡಿ ಎಣ್ಣೆಯನ್ನೇ ನೆಚ್ಚಿಕೊಂಡ ಕುಟುಂಬ ಎಂಆರ್‌ಐ ಪರೀಕ್ಷೆಯನ್ನು ಮುಂದೂಡಿದರೆ, ಕಸಿಗೆ ತಕ್ಕ ಕಾಲ ಕೈತಪ್ಪುತ್ತದೆ.

ಓಡೋನೆ ದಂಪತಿಗಳ ಸಾಧನೆಯನ್ನು ಈ ಮಾತುಗಳು ಕುಗ್ಗಿಸುವುದಿಲ್ಲ. ತಜ್ಞರಲ್ಲದವರೂ ಸಂಶೋಧನಾ ಪ್ರಬಂಧ ಓದಿ, ಅರ್ಥವತ್ತಾದ ಊಹೆ ಮಾಡಬಲ್ಲರೆಂದು ಅವರು ತೋರಿಸಿದರು. ಬಹುಬೇಗ ಸಾಯುವನೆಂದಿದ್ದ ಲೊರೆಂಜೋ ಹಾಸಿಗೆಯಲ್ಲೇ ಇದ್ದರೂ 30 ವರ್ಷ ಬದುಕಿ, 2008ರಲ್ಲಿ ತೀರಿಕೊಂಡ. ಅದರ ಹಿಂದೆ ಹಗಲಿರುಳಿನ ಆರೈಕೆಯಿತ್ತು.

ಚಿತ್ರ ತೋರಿಸಿದ ಬಳಿಕ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೊಡಿ. ಅಳೆದದ್ದು ಏನನ್ನು, ಎಲ್ಲಿ? ಎಣ್ಣೆ ಕೊಡದಿದ್ದರೆ ಏನಾಗುತ್ತಿತ್ತು? ತೆರೆಯ ಮೇಲೆ ಕಾಣದ ಮಕ್ಕಳು ಎಷ್ಟು? ಉತ್ತರಗಳನ್ನು ಬರೆಯಿಸಿ, ಚರ್ಚಿಸಿ. ಚಿತ್ರದ ಉಪಯೋಗ ಆಗ ಪೂರ್ಣವಾಗುತ್ತದೆ.